ಮಂಗೋಲಿಯಾದ ಚೀಟಿ

ಸುನೀತಾ, ನಿನ್ನನ್ನು ಮಂಗೋಲಿಯಾಕ್ಕೆ ಹೋಗದಂತೆ ತಡೆದವಳು ನಾನು — ನಿನ್ನ ಸಂಡೇ ಸ್ಕೂಲ್ ಟೀಚರ್. ಹತ್ತು ವರ್ಷವಾಯಿತು. ಪ್ರತಿ ಭಾನುವಾರ ನಿನ್ನ ಪಕ್ಕದಲ್ಲೇ ನಿಂತು ಹಾಡಿದ್ದೇನೆ. ಇದೊಂದನ್ನು ಹೇಳಲು ಬಾಯಿ ಬರಲಿಲ್ಲ.

ಮುಂಬೈ ಬಳಿಯ ಈ ಡೊಂಬಿವಲಿಯಲ್ಲಿ ನಮ್ಮ ಕನ್ನಡ ಕ್ರೈಸ್ತ ಸಭೆಗೆ ಸ್ವಂತ ಕಟ್ಟಡವಿಲ್ಲ. ಮರಾಠಿಯವರ ಆರಾಧನೆ ಮುಗಿದ ಮೇಲೆ ಅವರ ಹಾಲ್ ನಮಗೆ. ಅಲ್ಲಿ ಲೋಕದ ನಕ್ಷೆಯೊಂದನ್ನು ನಾನೇ ತೂಗುಹಾಕಿದ್ದೆ. ಬಿಸ್ಕತ್ತಿನ ಡಬ್ಬಿಯಲ್ಲಿ ದೇಶಗಳ ಹೆಸರಿನ ಚೀಟಿಗಳು. ಮಕ್ಕಳು ಒಂದೊಂದು ಚೀಟಿ ಎತ್ತಿ, ನಕ್ಷೆಯಲ್ಲಿ ಆ ದೇಶದ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಚೀಟಿಯನ್ನು ವಾಪಸು ಹಾಕಬೇಕು. ಒಂಬತ್ತು ವರ್ಷದ ನೀನು ಮಂಗೋಲಿಯಾ ಎತ್ತಿದೆ — ವಾಪಸು ಹಾಕಲಿಲ್ಲ. ಬೈಬಲಿನೊಳಗೆ ಇಟ್ಟುಕೊಂಡೆ. ನಾನು ಕಂಡೂ ಸುಮ್ಮನಿದ್ದೆ. ನನ್ನ ಪಾಠ ಒಂದು ಮಗುವಿಗಾದರೂ ನಾಟಿತಲ್ಲ ಎಂದು ಒಳಗೊಳಗೇ ಬೀಗಿದೆ.

ನೀನು ನರ್ಸಿಂಗ್ ಮುಗಿಸಿ ಥಾಣೆಯ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಾಗಲೂ ಆ ಚೀಟಿ ನಿನ್ನ ಬೈಬಲಿನಲ್ಲೇ ಇತ್ತು. ಮಂಗೋಲಿಯಾದ ಮಿಷನ್ ಆಸ್ಪತ್ರೆಯೊಂದಕ್ಕೆ ನೀನು ಅರ್ಜಿ ಹಾಕಿದೆ. ನಿನ್ನನ್ನು ಚಿಕ್ಕಂದಿನಿಂದ ಬಲ್ಲವರ ಗುಪ್ತ ಅಭಿಪ್ರಾಯ ಬೇಕೆಂದು ಅವರು ನನಗೊಂದು ಫಾರಂ ಕಳುಹಿಸಿದರು. ಅಭ್ಯರ್ಥಿಯ ಮನಸ್ಸು ಸ್ಥಿರವೇ ಎಂಬ ಪ್ರಶ್ನೆಯ ಮುಂದೆ ನಾನು ಬರೆದೆ — ಇಲ್ಲ, ಉತ್ಸಾಹ ಬೇಗ ಬರುತ್ತದೆ, ಬೇಗ ಇಳಿಯುತ್ತದೆ. ಹದಿನಾಲ್ಕು ವರ್ಷ ಒಂದು ಚೀಟಿಯನ್ನು ಬಿಡದವಳ ಬಗ್ಗೆ ಬರೆದ ಮಾತಿದು.

ಏಕೆಂದರೆ — ಆ ಹೊತ್ತಿಗೆ ಮಕ್ಕಳು ನನ್ನ ಮಂಗಳೂರು ಕನ್ನಡಕ್ಕೆ ಆಕಳಿಸುತ್ತಿದ್ದರು. ಗದಗಿನ ಕಡೆಯ ನೀನು ನಿಮ್ಮ ಮನೆಮಾತಿಗೆ ಹಿಂದಿ, ಮರಾಠಿ ಎಲ್ಲ ಕಲಸಿ ಕಥೆ ಹೇಳಿದರೆ ಮಿಸುಕಾಡದೆ ಕೇಳುತ್ತಿದ್ದರು. ನೀನು ಹೋದರೆ ನಾನು ಕಟ್ಟಿದ ಸಂಡೇ ಸ್ಕೂಲ್ ಮುಚ್ಚಿಹೋಗುತ್ತದೆ ಎಂದು ಹೆದರಿದೆ. ದೂರದ ದೇಶಗಳಿಗೆ ಹೋಗಿ ಎಂದು ಕಲಿಸಿದವಳೇ ಹೊರಟವಳ ಕಾಲು ಹಿಡಿದೆಳೆದೆ. ಬರೆಯುವಾಗಲೂ ನಾಚಿಕೆಯಾಗುತ್ತಿದೆ.

ಆಯ್ಕೆಯಾಗಿಲ್ಲವೆಂಬ ಪತ್ರ ಬಂದಾಗ ನೀನು ಅಳಲಿಲ್ಲ. "ದೇವ್ರು ಬಾಗ್ಲಾ ಹಾಕ್ಯಾನ್ರಿ ಟೀಚರ್. ಇಲ್ಲೇ ಇರು ಅಂದಂಗಾತು," ಎಂದೆ. ನಾನು ಹೂಂ ಎಂದೆ. ನಿನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆಯನ್ನೂ ಮಾಡಿದೆ — ಆ ಪ್ರಾರ್ಥನೆಯನ್ನು ನೆನೆದರೆ... ಅಂದೇ ನೀನು ಚೀಟಿಯನ್ನು ತೆಗೆದು ಡಬ್ಬಿಗೆ ಹಾಕಿದೆ.

ಕಳೆದ ಭಾನುವಾರ ಒಂದು ಪುಟ್ಟ ಹುಡುಗಿಯ ಕೈಗೆ ಅದೇ ಚೀಟಿ ಬಂತು. ಹಳೆಯ ಮಡಿಕೆಗಳಿಂದಲೇ ನಾನು ಗುರುತು ಹಿಡಿದೆ. ಎಲ್ಲರಿಗೂ ಹೋಗಿ ಎನ್ನುವ ನೀನೇ ಯಾಕೆ ಹೋಗಲಿಲ್ಲ ಎಂದು ಅವಳು ನಿನ್ನನ್ನು ಹಿಂದಿಯಲ್ಲಿ ಕೇಳಿದಳು. "ದೇವ್ರು ಬ್ಯಾಡ ಅಂದ್ರು, ಪುಟ್ಟಿ," ಎಂದೆ ನೀನು. ಮಗುವಿನ ಮುಖ ಬಾಡಿತು. ಪ್ರಾರ್ಥಿಸದೆಯೇ ಚೀಟಿಯನ್ನು ಡಬ್ಬಿಗೆ ಹಾಕಿ ಹೋಗಿ ಕುಳಿತಳು.

ಮಿಷನ್‌ನವರಿಗೆ ನಿಜ ಬರೆದಿದ್ದೇನೆ. ಅವರ ವಯಸ್ಸಿನ ಮಿತಿಯನ್ನು ನೀನು ದಾಟಿದ್ದೀ ಎಂದು ಗೊತ್ತು. ಇದರಿಂದ ನಿನಗೆ ಏನೂ ಮರಳಿ ಸಿಗುವುದಿಲ್ಲ. ಈ ಭಾನುವಾರ ಈ ಕಾಗದವನ್ನು ನಿನ್ನ ಕೈಗಿತ್ತು, ನೀನು ಓದಿ ಮುಗಿಸುವವರೆಗೆ ಎದುರಿಗೇ ನಿಂತಿರುತ್ತೇನೆ. ಆಮೇಲೆ ಆ ಹುಡುಗಿಯನ್ನು ಕರೆದು, ನಕ್ಷೆಯ ಮುಂದೆ, ನಾನೇ ಹೇಳುತ್ತೇನೆ — ಬೇಡ ಅಂದದ್ದು ದೇವರಲ್ಲ ಮಗು, ಈ ಟೀಚರ್.