ಹರಿಹರದ ಮೇಡಂ ಅವರ ಸ್ಕೀ ಬೂಟು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ದಾವಣಗೆರೆಯಲ್ಲಿ ಪೋಲಿಯೊ ಆದವರಿಗೆ ಬೂಟು, ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್ ಮಾಡಿಕೊಡುತ್ತಿದ್ದೆ. ಒಂದು ಮಧ್ಯಾಹ್ನ ಹರಿಹರದ ವ್ಯಾಯಾಮ ಶಿಕ್ಷಕಿಯೊಬ್ಬರು ಬಂದು ಒಂದು ಜೊತೆ ಪ್ಲಾಸ್ಟಿಕ್ ಬೂಟು ಮೇಜಿನ ಮೇಲಿಟ್ಟರು. ಹಿಮದ ಬೆಟ್ಟ ಹತ್ತಿ, ಜಾರಿ ಇಳಿಯುವವರು ಹಾಕುವ ಹಗುರವಾದ ಸ್ಕೀ ಬೂಟು. ಮನಾಲಿಯಲ್ಲಿ ಹಳೆಯದನ್ನೇ ಕೊಂಡಿದ್ದರಂತೆ.

“ಪಾದದ ಗಂಟು ಒತ್ತಿ ರಕ್ತ ಬಂತ್ರಿ, ಹಿಮ್ಮಡಿ ಮಾತ್ರ ಒಳಗೇ ಎದ್ದೇಳ್ತೈತೆ. ಹೋದ ಸಲ ಸ್ಕೀ ತರಬೇತಿ ಅರ್ಧಕ್ಕೆ ಬಿಟ್ಟು ಬಂದೆ. ಈ ಸಲ ಬಿಡಂಗಿಲ್ಲ. ನೀವು ಹಿಮ ನೋಡೀರೇನ್ರಿ?”

“ಇಲ್ರಿ. ಕಾಲು ಬೇಕಾದಷ್ಟು ನೋಡೀನಿ. ಕೂಡ್ರಿ.”

ಅವರ ಗಂಟಿಗೆ ಒದ್ದೆ ಕುಂಕುಮ ಹಚ್ಚಿ ಬೂಟು ತೊಡಿಸಿದೆ. ತೆಗೆದಾಗ ಒತ್ತುವ ಜಾಗ ಒಳಗೆ ಕೆಂಪಗೆ ಕಂಡಿತು. ಅಲ್ಲಿಗೆ ಬಿಸಿಗಾಳಿ ಊದುವ ಯಂತ್ರ ಹಿಡಿದೆ.

“ಬೂಟು ಸೀಳು ಬಿಟ್ರೆ?” ಅಂದರು.

“ಬಿಡಲ್ರಿ,” ಅಂದೆ. ಆದರೂ ಅವರು ಗೋಡೆ ಕಡೆ ತಿರುಗಿ ನಿಂತರು. ಪ್ಲಾಸ್ಟಿಕ್ ಮೆತ್ತಗಾಗುತ್ತಲೇ ಮರದ ಗುಂಡು ಒತ್ತಿ, ಒದ್ದೆ ಬಟ್ಟೆಯಿಂದ ತಣಿಸಿದೆ. ಹಿಮ್ಮಡಿಯ ಎರಡೂ ಪಕ್ಕಕ್ಕೆ ಗಟ್ಟಿ ಸ್ಪಂಜು ಅಂಟಿಸಿದೆ.

ಹಾಕಿಕೊಂಡು, ಬಂದವರು ನಡೆದು ನೋಡಲೆಂದು ನಮ್ಮಲ್ಲಿ ಕಟ್ಟಿಸಿದ್ದ ಇಳಿಜಾರಿನಲ್ಲಿ ಹತ್ತಿ ಇಳಿದರು. ಮುಖ ಅರಳಿತು. “ಇನ್ನಷ್ಟು ನಡೆದು ನೋಡ್ತೀನಿ” ಎಂದು ಆ ಬಿಸಿಲಲ್ಲಿ ಬಸ್ ಸ್ಟ್ಯಾಂಡಿಗೂ ಅದರಲ್ಲೇ ಹೋದರು.

ತರಬೇತಿ ಮುಗಿಸಿ, ಹಿಮದ ಬಿಸಿಲಿಗೆ ಮೂಗು ಸುಲಿಸಿಕೊಂಡು ಬಂದವರು ಮೊದಲು ಹೇಳಿದ್ದು ಆ ದಿನದ ಬಸ್ಸಿನ ಸುದ್ದಿ. ಕಂಡಕ್ಟರ್ ಅವರ ಕಾಲಲ್ಲಿದ್ದ ಬೂಟು ನೋಡಿ, ಯಾರನ್ನೋ ಎಬ್ಬಿಸಿ ಅಂಗವಿಕಲರ ಸೀಟು ಕೊಡಿಸಿದನಂತೆ.

“ನೀವು ಏನಂದ್ರಿ?”

“ಏನನ್ಲಿ? ಹರಿಹರದ ತನಕ ಆರಾಮಾಗಿ ಕೂತು ಬಂದೆ.”