ಗಂಗಮ್ಮ ಒರೆಸಿದ ನೆಲ

ಗೆಳೆಯರೇ, ಇವತ್ತು ಸಂಡೂರಿನಲ್ಲಿ ಮನೆ ಮಾಲೀಕರೊಬ್ಬರಿಗೆ ಅವರದೇ ಮನೆಯ ಬಾಗಿಲಲ್ಲಿ ತಡೆ ಬಿತ್ತು!

ಮೊದಲು ಬೀದಿಯಲ್ಲಿದ್ದು, ಈಗ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವ ನಾಲ್ವರು ಹೆಂಗಸರಿಗಾಗಿ ನಮ್ಮ ಸಂಸ್ಥೆ ಬಾಡಿಗೆಗೆ ಹಿಡಿದ ಮನೆ ಅದು. ಅವರ ಬೇಕುಬೇಡ ನೋಡಿಕೊಳ್ಳುವವಳು ನಾನು. ಮಾಲೀಕರು ಗಣಿಯಿಂದ ನೇರವಾಗಿ ಬಂದಿಳಿದರು. ಬೂಟಿನ ತುಂಬ ಅದಿರಿನ ಕೆಂಪು ದೂಳು.

"ಇಂಥವರ ಕೈಯಾಗ ಮನಿ ಏನಾಗೇತಿ ನೋಡಬೇಕ್ರಿ. ಹಾಳಾಗಿದ್ರ ಜಲ್ದಿ ಖಾಲಿ ಮಾಡ್ರಿ" ಎನ್ನುತ್ತಲೇ ಒಳಗೆ ಹೊರಟರು.

ಆ ನಾಲ್ವರಲ್ಲೊಬ್ಬರಾದ ಗಂಗಮ್ಮ ಅಡ್ಡ ನಿಂತರು. ವರ್ಷಗಟ್ಟಲೆ ಹೊಸಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಮಲಗುತ್ತಿದ್ದವರು ಅವರು.

"ಈಗಷ್ಟ ನೆಲ ಒರಸೀನಿ. ಬೂಟ್ ಬಿಚ್ಚಿ ಕಾಲ್ ತೊಳಕೊಂಡು ಬರ್ರಿ. ಇದು ಮನಿ ಐತ್ರಿ, ಬಸ್‌ಸ್ಟ್ಯಾಂಡ್ ಅಲ್ಲ!"

ಮಾಲೀಕರು ಅಂಗಳದ ನಲ್ಲಿಯತ್ತ ನಡೆದರು. ಪ್ಯಾಂಟು ಮಡಚಿ ಕಾಲು ತೊಳೆಯುತ್ತಾ, "ನಮ್ಮವ್ವನೂ ಹಿಂಗ ಬೈತಾಳ್ರಿ. ಮನಿ ಚಿಂತಿ ಬಿಟ್ಟೆ ನಾನು" ಎಂದು ಜೋರಾಗಿ ನಕ್ಕರು.

ಗೆದ್ದ ಗತ್ತಿನಲ್ಲಿ ನಾನೂ ಹೊಸ್ತಿಲು ದಾಟಲು ಹೋದೆ.

"ಮೇಡಂ, ನೀವೇನ್ ಸ್ಪೆಷಲ್ಲಾ? ನಲ್ಲಿ ಅಲ್ಲೈತಿ" ಎಂದರು ಗಂಗಮ್ಮ.

ನೋಡಲು ಬರುವವರು ಧಾರಾಳವಾಗಿ ಬನ್ನಿ. ಕಾಲು ಮಾತ್ರ ತೊಳೆದುಕೊಳ್ಳಿ, ಆ ಮನೆಯಲ್ಲಿ ನನ್ನ ಶಿಫಾರಸು ನಡೆಯುವುದಿಲ್ಲ.