ಕುಂಕುಮ ಹಚ್ಚಿದ ಮೈಕ್ರೋಸ್ಕೋಪು

ಆಯುಧಪೂಜೆಯ ದಿನ ಊರೆಲ್ಲ ಕಡಲೆಪುರಿ ಮೆಲ್ಲುತ್ತಿರುವಾಗ ನಾನೊಬ್ಬ ಮುಖ ಗಂಟಿಕ್ಕಿಕೊಂಡು ಕೂತಿರುತ್ತೇನೆ. ನಾಸ್ತಿಕನೆಂದು ತಿಳಿಯಬೇಡಿ. ಕುಂಕುಮದ ಬಟ್ಟಲು ಕಂಡರೆ ನನಗೆ ಸಿಟ್ಟು ಬರುತ್ತದೆ, ಅಷ್ಟೇ. ಅದಕ್ಕೆ ಕಾರಣ ನಾನು ಓದಿದ ಬಿ.ಎಸ್ಸಿ. ಮೈಕ್ರೋಬಯಾಲಜಿ.

ಆಗ ಬಿಡದಿ, ಹಾರೋಹಳ್ಳಿ ಕಡೆ ಕಾರ್ಖಾನೆಗಳು ಏಳುತ್ತಿದ್ದವು. ಅವುಗಳ ಬೆನ್ನಿಗೇ ನಾಯಿಕೊಡೆಗಳ ಹಾಗೆ ಕಾಲೇಜುಗಳೂ ಎದ್ದವು. ತಿಪ್ಪಸಂದ್ರದ ನಾನು, ಗುಡೇಮಾರನಹಳ್ಳಿಯ ಬೆಟ್ಟಸ್ವಾಮಿ ಇಬ್ಬರೂ ಬಸ್ಸಿನಲ್ಲಿ ಜೋತಾಡಿಕೊಂಡು ಅಂಥದ್ದೊಂದಕ್ಕೆ ಹೋಗುತ್ತಿದ್ದೆವು. "ಕ್ರಿಮಿ ನೋಡಕ್ಕೆ ಅಷ್ಟ್ ದೂರ ಯಾಕ್ಲಾ ಹೋಗ್ತೀಯ? ನಮ್ಮ ತಿಪ್ಪೇಲೇ ಬೇಕಾದಷ್ಟು ಐತೆ" ಎಂದಿದ್ದರು ಅಪ್ಪ. ಅವರ ಮಾತು ಕೇಳಬೇಕಿತ್ತು. ತಿಪ್ಪೆಗಾದರೂ ಬೀಗವಿರಲಿಲ್ಲ.

ಕಾಲೇಜಿನ ಮೈಕ್ರೋಸ್ಕೋಪುಗಳೆಲ್ಲ ಬೀರುವಿನಲ್ಲಿದ್ದವು, ಬೀಗದಕೈ ನಮ್ಮ ವಿಭಾಗದ ಮುಖ್ಯಸ್ಥರ ಜೇಬಿನಲ್ಲಿತ್ತು. ಮುಟ್ಟಿದರೆ ಕೆಡುತ್ತವೆ ಎಂಬುದು ಅವರು ಕಂಡುಕೊಂಡ ವಿಜ್ಞಾನ. ಪಾಠವೆಂದರೆ ನೋಟ್ಸ್ ಹೇಳುವುದು, ನಾವು ಬರೆದುಕೊಳ್ಳುವುದು. ಬಿಳಿ ರಕ್ತಕಣ ರೋಗಾಣುವನ್ನು ನುಂಗುವ ಬಗೆಯನ್ನು ನಾನು ಬೀಗರೂಟ ಬಣ್ಣಿಸಿದ ಹಾಗೆ ಬಣ್ಣಿಸಬಲ್ಲವನಾಗಿದ್ದೆ. ಕಣವನ್ನಾಗಲಿ ರೋಗಾಣುವನ್ನಾಗಲಿ ಕಣ್ಣಾರೆ ಕಂಡಿರಲಿಲ್ಲ.

ಮೈಕ್ರೋಸ್ಕೋಪುಗಳು ಹೊರಗೆ ಬರುತ್ತಿದ್ದುದು ಆಯುಧಪೂಜೆಗೆ ಮಾತ್ರ. ವಿಭೂತಿ, ಸೇವಂತಿಗೆ ಎಲ್ಲ ಆಗಿ ಕೊನೆಗೆ ಮುಖ್ಯಸ್ಥರು ನಾವು ಕಣ್ಣಿಡಬೇಕಾದ ಗಾಜಿಗೇ ಭಕ್ತಿಯಿಂದ ಕುಂಕುಮ ಒತ್ತುತ್ತಿದ್ದರು. ನೇಗಿಲಿಗೆ ಪೂಜೆ ಮಾಡಿದ ರೈತ ಮಾರನೆಯ ದಿನ ಹೊಲಕ್ಕೆ ಹೋಗುತ್ತಾನೆ. ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದ ಡ್ರೈವರು ಬಸ್ಸು ಓಡಿಸುತ್ತಾನೆ. ನಮ್ಮವರು ಮಂಗಳಾರತಿ ಎತ್ತಿ ಬೀಗ ಹಾಕುತ್ತಿದ್ದರು.

ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ ಬಂತು. ಹೊರಗಿನ ಪರೀಕ್ಷಕರು ಬರುತ್ತಾರೆಂದು ಆ ಸಲ ಬೀರುವಿನ ಬೀಗ ತೆಗೆದರು. ಪಾಸಾದರೆ ಹಾರೋಹಳ್ಳಿಯ ಔಷಧ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಇಬ್ಬರಿಗೂ ಕೆಲಸವೆಂದು ಮಾತಾಗಿತ್ತು. ಬಣ್ಣ ಹಾಕಿದ ಬ್ಯಾಕ್ಟೀರಿಯಾ ನೇರಳೆಯಾಗಿ ಕಂಡರೆ ಒಂದು ಜಾತಿ, ಕೆಂಪಾಗಿ ಕಂಡರೆ ಇನ್ನೊಂದು, ಯಾವುದೆಂದು ಬರೆಯಬೇಕು. ಮೊದಲು ಬೆಟ್ಟಸ್ವಾಮಿ ನೋಡಿ, ಬರೆದುಕೊಟ್ಟು ಎದ್ದ. ಅದೇ ಮೈಕ್ರೋಸ್ಕೋಪಿಗೆ ನಾನು ಕಣ್ಣಿಟ್ಟೆ. ಕೆಂಪು ಚುಕ್ಕಿಗಳು. ಸರಿಮಾಡಲೆಂದು ಕಣ್ಣಿಡುವ ಕೊಳವೆ ತಿರುಗಿಸಿದರೆ ಚುಕ್ಕಿಗಳೂ ಜೊತೆಗೇ ತಿರುಗಿದವು. ಅದು ಕುಂಕುಮವೆಂದು ಆಗ ಹೊಳೆಯಿತು. ಕರ್ಚೀಫು ತೆಗೆದು ಒರೆಸಿದೆ.

"ಏಯ್, ಮುಟ್ಟಬೇಡ" ಎಂದು ಮುಖ್ಯಸ್ಥರು ಗದರಿದರು. ಅಷ್ಟರಲ್ಲಿ ನಾನು ನೋಡಿಯಾಗಿತ್ತು. ನೇರಳೆ ಬಣ್ಣದ ದ್ರಾಕ್ಷಿ ಗೊಂಚಲುಗಳು. ಮೂರು ವರ್ಷದ ಓದಿನಲ್ಲಿ ನಾನು ಕಂಡ ಮೊದಲ ಬ್ಯಾಕ್ಟೀರಿಯಾ ಅದು.

ಹೊರಗಿನಿಂದ ಬಂದಿದ್ದ ಪರೀಕ್ಷಕರಿಗೆ, ಬೆಟ್ಟಸ್ವಾಮಿ ಕೆಂಪು ಎಂದು ಬರೆದಿದ್ದರೆ ಅವನಿಗೆ ಕಂಡದ್ದು ಕುಂಕುಮ, ಇನ್ನೊಮ್ಮೆ ನೋಡಲು ಬಿಡಿ ಎಂದೆ. ಅವರು ಮುಖ್ಯಸ್ಥರ ಮುಖ ನೋಡಿದರು. ಮುಖ್ಯಸ್ಥರು, "ಬರೆದದ್ದು ಬರೆದಾಯ್ತು ಸಾರ್, ಕಾಲೇಜಿನ ಮರ್ಯಾದೆ ಪ್ರಶ್ನೆ" ಎಂದರು. ಮರ್ಯಾದೆ ಉಳಿಯಿತು. ಬೆಟ್ಟಸ್ವಾಮಿ ಫೇಲಾದ.

"ಕಂಡಿದ್ದೇ ಬರ್ದೆ ಕಣ್ಲಾ" ಎಂದ ಬಸ್ಸಿನಲ್ಲಿ. "ಹೋಗ್ಲಿ ಬುಡು." ಮತ್ತೆ ಪರೀಕ್ಷೆಗೆ ಅವನು ಕೂರಲಿಲ್ಲ. ನನ್ನ ಹಿಂದೆಯೇ ಅದೇ ಕಾರ್ಖಾನೆಗೆ ಸೇರಿದ, ಡಬ್ಬ ತುಂಬುವ ಕೆಲಸಕ್ಕೆ.

ಮೊನ್ನೆ ಊಟದ ಬಿಡುವಿನಲ್ಲಿ ಅವನನ್ನು ಲ್ಯಾಬಿಗೆ ಎಳೆದುಕೊಂಡು ಹೋಗಿ ಅಂಥದ್ದೇ ಒಂದು ಸ್ಲೈಡು ತೋರಿಸಿದೆ. ಬಹಳ ಹೊತ್ತು ತಲೆ ಎತ್ತಲಿಲ್ಲ. ಆಮೇಲೆ, "ನೇರ್ಳೇನೇ ಕಣ್ಲಾ. ಒಸಿ ಒರೆಸಿದ್ರೆ ನಂಗೂ ಕಾಣ್ತಿತ್ತು" ಎಂದ. ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಹೋಗಲಿ ಬಿಡು ಎಂದು ನನ್ನ ಹೆಂಡತಿಯೂ ಹೇಳುತ್ತಾಳೆ. ಹಾಗೆನ್ನುವ ಹಕ್ಕು ಬೆಟ್ಟಸ್ವಾಮಿಗೆ ಇದೆ, ಕಳೆದುಕೊಂಡವನು ಅವನು. ಪಾಸಾದ ನನಗೆ ಇಲ್ಲ.